ಬೆಟ್ಟ ಹತ್ತದೆ ನಡೆಯೋಕೆ ಮೈಸೂರು-ಮಂಡ್ಯ ಕಡೆ ಒಳ್ಳೇ ದಾರಿ ಯಾವುದಿದೆ?

ಕುಕ್ಕರಹಳ್ಳಿ ವಾಕರ್:

ಎಲ್ಲರಿಗೂ ನಮಸ್ಕಾರ. ಟ್ರೆಕ್ಕಿಂಗ್ ಅಂತ ಬಾಯಿ ಬಿಟ್ಟರೆ ಸಾಕು, ಎಲ್ಲರೂ ಮೇಲುಕೋಟೆ, ಕುಂತಿಬೆಟ್ಟ, ಚಾಮುಂಡಿ ಬೆಟ್ಟದ ಮೆಟ್ಟಿಲು ಅಂತಲೇ ಶುರು ಮಾಡುತ್ತಾರೆ. ನಮಗೆ ಬೇಕಿರುವುದು ಅದಲ್ಲ. ಅಪ್ಪನಿಗೆ ಮಂಡಿ ನೋವು. ಸಮತಟ್ಟು ನೆಲದಲ್ಲಿ ಎರಡು ಗಂಟೆ ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮಾತ್ರ ಅಲ್ಲೇ ಕೂತುಬಿಡುತ್ತಾರೆ. ಜೊತೆಗೆ ಮೂರನೇ ಕ್ಲಾಸಿನ ಮಗ ಇದ್ದಾನೆ. ಅವನಿಗೆ ದಾರಿಯಲ್ಲಿ ನೋಡೋಕೆ ಏನಾದರೂ ಇರಬೇಕು, ಇಲ್ಲದಿದ್ದರೆ "ಇನ್ನೂ ಎಷ್ಟು ದೂರ" ರಾಗ ಶುರು.

ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತೇವೆ. ಚೆನ್ನಾಗಿದೆ, ಆದರೆ ಭಾನುವಾರವೂ ಅದೇನಾ? ಕಾರಂಜಿ ಕೆರೆ, ಲಿಂಗಾಂಬುಧಿ ಎಲ್ಲಾ ಆಯಿತು. ಇಷ್ಟು ಹತ್ತಿರ ಕಾವೇರಿ ಇದೆ, ನಾಲೆಗಳಿವೆ, ಗದ್ದೆ ಬಯಲಿದೆ, ಆದರೂ ಕಾರಿಳಿದು ನೆಮ್ಮದಿಯಾಗಿ ನಾಲ್ಕೈದು ಕಿಲೋಮೀಟರ್ ನಡೆಯೋ ದಾರಿ ಯಾವುದು ಅಂತ ಯಾರನ್ನು ಕೇಳಿದರೂ ಬೃಂದಾವನ ಗಾರ್ಡನ್ ಅನ್ನುತ್ತಾರೆ! ಮೈಸೂರಿಂದ ಹೆಚ್ಚೆಂದರೆ ಒಂದು ಗಂಟೆ ಡ್ರೈವ್. ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮನೆ ಸೇರಬೇಕು. ನಡೆದು ನೋಡಿದವರು ಹೇಳಿ ಪ್ಲೀಸ್.

ಗಂಜಾಂ ಗುರು:

ಶ್ರೀರಂಗಪಟ್ಟಣದಿಂದ ಶುರು ಮಾಡಿ ಮೇಡಂ. ನಮ್ಮೂರು ಅಂತ ಹೊಗಳುತ್ತಿಲ್ಲ, ನೀವು ಕೇಳಿದ್ದಕ್ಕೆ ಇದಕ್ಕಿಂತ ಸರಿಯಾದ ಜಾಗ ಸಿಗಲ್ಲ. ಕಾವೇರಿ ಎರಡಾಗಿ ಸೀಳಿ ಊರನ್ನು ಬಳಸಿಕೊಂಡು ಹೋಗಿ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನಡುವಿನ ದ್ವೀಪ ಉದ್ದಕ್ಕೆ ಸುಮಾರು ಐದು ಕಿಲೋಮೀಟರ್, ಅಗಲ ಅದರ ಮೂರರಲ್ಲಿ ಒಂದು ಪಾಲು. ಹೇಳಿಕೊಳ್ಳುವಂಥ ಏರು ಎಲ್ಲೂ ಇಲ್ಲ. ಜನ ಕಾರಲ್ಲಿ ಬಂದು ರಂಗನಾಥ, ನಿಮಿಷಾಂಬ, ಗುಂಬಜ್ ಅಂತ ಮೂರು ಕಡೆ ಪಾರ್ಕಿಂಗ್ ಹುಡುಕೋದರಲ್ಲೇ ಸುಸ್ತಾಗಿ ವಾಪಸ್ ಹೋಗುತ್ತಾರೆ. ಅದನ್ನೇ ಒಂದು ನಡಿಗೆ ಮಾಡಿಕೊಂಡರೆ ಒಂದು ಬೆಳಗ್ಗೆ ಕಳೆಯುತ್ತದೆ.

ನನ್ನ ಸಲಹೆ ಕೇಳಿದರೆ ಕಾರು ಮನೆಯಲ್ಲೇ ಬಿಡಿ. ಮೈಸೂರಲ್ಲಿ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ, ನಾಗನಹಳ್ಳಿ ಆದಮೇಲೆ ಹೊಳೆ ದಾಟಿದ ತಕ್ಷಣ ಇಳಿಯೋಕೆ ರೆಡಿಯಾಗಿ. ಹಳಿ ಕೋಟೆಯ ಒಳಗೇ ಹಾದು ಹೋಗಿದೆ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಅದನ್ನು ಕೆಡವದೆ 2017ರಲ್ಲಿ ಕಟ್ಟಡವನ್ನು ಇದ್ದ ಹಾಗೇ ಎತ್ತಿ ನೂರು ಮೀಟರ್‌ಗಿಂತ ಜಾಸ್ತಿ ದೂರ ಸರಿಸಿ ಕೂರಿಸಿದರು. ನಿಮ್ಮ ಮಗನಿಗೆ ಈ ಕಥೆ ಹೇಳಿ, ಆಮೇಲೆ ನೀವು ಕರೆಯೋದೇ ಬೇಡ, ಅವನೇ ಮುಂದೆ ಓಡುತ್ತಾನೆ.

ಮೊದಲು ಕೋಟೆಯ ಪಶ್ಚಿಮದ ಗೋಡೆ ಕಡೆ ಹೋಗಿ. 1799ರ ಮೇ 4ರಂದು ಇಂಗ್ಲಿಷರು ಗೋಡೆ ಒಡೆದು ನುಗ್ಗಿದ್ದು ಈ ಕಡೆಯಿಂದಲೇ. ಮೇ ತಿಂಗಳನ್ನು ಯಾಕೆ ಆರಿಸಿಕೊಂಡರು ಅಂತ ಹೊಳೆ ನೋಡಿದರೇ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಬಂಡೆಗಳೆಲ್ಲ ಎದ್ದು ಕಾಣುತ್ತವೆ, ಮಳೆ ಹಿಡಿದರೆ ದಾಟುವ ಮಾತೇ ಇಲ್ಲ. ಅಲ್ಲಿಂದ ಉತ್ತರದ ಕವಲಿನ ಕಡೆ ಬಂದರೆ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ್ದು. ಮೇಲೆ ನಿಂತು ಫೋಟೋ ತೆಗೆದು ಹೊರಡಬೇಡಿ. ದಡದಲ್ಲಿ ಒಂದು ಬದಿಗೆ ನಿಂತು ಕೆಳಭಾಗ ನೋಡಿ. ಕಮಾನು ಇಲ್ಲವೇ ಇಲ್ಲ. ಸಾಲಾಗಿ ನಿಲ್ಲಿಸಿದ ಕಲ್ಲಿನ ಕಂಬ, ಅದರ ತಲೆ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನೇ ಎಳೆದು ಹೊಳೆಗೆ ಅಡ್ಡ ಇಟ್ಟ ಹಾಗಿದೆ. ಎಷ್ಟೋ ಪ್ರವಾಹ ಬಂದು ಹೋಗಿದೆ, ಇನ್ನೂ ನಿಂತಿದೆ.

ಆಮೇಲೆ ಪೂರ್ವಕ್ಕೆ ದರಿಯಾ ದೌಲತ್ (1784), ಗಂಜಾಂ, ನಿಮಿಷಾಂಬ, ಗುಂಬಜ್, ಕೊನೆಗೆ ಸಂಗಮ. ಈ ಭಾಗ ಟಾರ್ ರೋಡೇ, ಸುಳ್ಳು ಹೇಳಲ್ಲ, ರಜಾ ದಿನ ಗಾಡಿಗಳ ಕಾಟ ಇರುತ್ತದೆ. ಬೆಳಿಗ್ಗೆ ಬೇಗ ಬಂದರೆ ಪರವಾಗಿಲ್ಲ. ಸೀಸನ್ ಇದ್ದರೆ ಗಂಜಾಂ ಅಂಜೂರ ಸಿಗುತ್ತಾ ಅಂತ ವಿಚಾರಿಸಿ. ಅಪ್ಪನಿಗೆ ಕಾಲು ಸೋತರೆ ಎಲ್ಲಿ ಬೇಕಾದರೂ ಆಟೋ ಸಿಗುತ್ತದೆ, ಟಾಂಗಾ ಸಿಕ್ಕರೆ ಮಗನಿಗೆ ಹಬ್ಬ. ವಾಪಸ್ ಬರೋಕೆ ಹೇಗೂ ಆಟೋ ಮಾಡಲೇಬೇಕು.

ಎರಡು ಎಚ್ಚರಿಕೆ. ಸಂಗಮದಲ್ಲೂ ಪಶ್ಚಿಮವಾಹಿನಿಯಲ್ಲೂ ನೀರಿನ ಹತ್ತಿರದ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಮಂಡಿ ನೋವಿನವರು ಇಳಿಯೋದೇ ಬೇಡ. ಅಸ್ಥಿ ಬಿಡೋಕೆ ಬಂದವರು ಬಿಟ್ಟುಹೋದ ಬಟ್ಟೆ, ಮಡಕೆ ಚೂರು, ಗಾಜು ಎಲ್ಲಾ ಬಿದ್ದಿರುತ್ತದೆ, ಮಗನನ್ನು ಬರಿಗಾಲಲ್ಲಿ ಬಿಡಬೇಡಿ. ಇನ್ನೊಂದು ಕೆಆರ್‌ಎಸ್. ಮಳೆಗಾಲದಲ್ಲಿ ಅಣೆಕಟ್ಟು 124.80 ಅಡಿ ಹತ್ತಿರ ಬಂದಾಗ ನೀರು ಬಿಡುತ್ತಾರೆ, ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದ್ದೂ ಇದೆ. ಆಗ ಸೇತುವೆ, ಸಂಗಮ, ಸ್ನಾನಘಟ್ಟ ಎಲ್ಲಾ ಬಂದ್. ಜುಲೈ, ಆಗಸ್ಟ್‌ನಲ್ಲಿ ಹೊರಡೋ ಮುಂಚೆ ಪೇಪರಲ್ಲಿ ಹೊರಹರಿವು ಎಷ್ಟು ಅಂತ ನೋಡಿಕೊಂಡೇ ಹೊರಡಿ.

ಬೆಟ್ಟ ಹತ್ತೋನು:

ದೇವಸ್ಥಾನ ನೋಡಿ ಆಟೋದಲ್ಲಿ ವಾಪಸ್ ಬರೋದು ಯಾವ ಊರಿನ ಹೈಕಿಂಗ್ ಗುರು 😄 ಬೇಜಾರಾಗಬೇಡಿ, ಸುಮ್ನೆ ಕಾಲೆಳೆದೆ.

ಮೇಡಂ, ಅಲ್ಲಿಗೆ ಹೋದವರು ಕರಿಘಟ್ಟ ಬಿಡಬೇಡಿ. ಬೆಟ್ಟ ಬೇಡ ಅಂದಿದ್ದೀರಿ, ಗೊತ್ತು. ಆದರೆ ಮೇಲಿನವರೆಗೂ ಗಾಡಿ ರಸ್ತೆ ಇದೆ, ಅಪ್ಪನನ್ನು ಕಾರಲ್ಲೇ ಶ್ರೀನಿವಾಸನ ಗುಡಿ ಹತ್ತಿರ ಇಳಿಸಬಹುದು, ನೀವೂ ಮಗನೂ ಮೆಟ್ಟಿಲು ಹತ್ತಿ. ಮೇಲಿಂದ ನೋಡಿದರೆ ಇಡೀ ಬಯಲು ಒಂದೇ ಸಲಕ್ಕೆ ಕಾಣುತ್ತದೆ: ಹೊಳೆ, ದ್ವೀಪ, ತೆಂಗಿನ ತೋಟ, ಗದ್ದೆ, ಕೆಳಗೆ ಕಾವೇರಿ ಸೇರೋಕೆ ಬರುವ ಲೋಕಪಾವನಿ. ಎಲ್ಲಿ ನಡೆಯಬೇಕು ಅಂತ ಅಲ್ಲಿಂದಲೇ ಪ್ಲಾನ್ ಮಾಡಬಹುದು. ಮಾರ್ಚ್, ಏಪ್ರಿಲ್ ಬೇಡ, ಒಣಹುಲ್ಲಿಗೆ ಬೆಂಕಿ ಬೀಳೋ ಕಾಲ ಅದು.

ನಾಲೆ ಪಕ್ಕದೂರು:

ನಾನು ಪಾಂಡವಪುರ ತಾಲೂಕಿನವನು. ಸಮತಟ್ಟು ದಾರಿ ಅಂದರೆ ನಾಲೆ ಏರಿ, ಅದನ್ನು ಬಿಟ್ಟು ಎಲ್ಲಾ ಹೇಳುತ್ತಿದ್ದೀರಲ್ಲ.

ಒಂದು ವಿಷಯ ಯೋಚಿಸಿ ಅಕ್ಕ. ನಾಲೆ ನೀರು ತಾನಾಗೇ ಹರಿಯಬೇಕು, ದಾರಿಯಲ್ಲಿ ಮೋಟಾರಿಲ್ಲ. ಇಳಿಜಾರು ಜಾಸ್ತಿ ಕೊಟ್ಟರೆ ಮಣ್ಣು ಕೊಚ್ಚಿ ಹೋಗುತ್ತದೆ, ಜೊತೆಗೆ ಬೇಗ ತಗ್ಗಿಗೆ ಇಳಿದುಬಿಟ್ಟು ಮೇಲಿನ ಜಮೀನಿಗೆ ನೀರು ಹತ್ತಲ್ಲ. ಅದಕ್ಕೇ ಕಣ್ಣಿಗೆ ಕಾಣದಷ್ಟು ಇಳಿಜಾರು ಇಟ್ಟು, ದಿಬ್ಬ ಬಂದ ಕಡೆ ಬಳಸಿಕೊಂಡು ತೆಗೆದಿದ್ದಾರೆ. ಬಳಸೋಕೆ ಆಗದ ಹುಲಿಕೆರೆ ಹತ್ತಿರ ಸುರಂಗವನ್ನೇ ಕೊರೆದರು. ಹೀಗಾಗಿ ನಾಲೆ ಏರಿ ಮೇಲೆ ಎಷ್ಟು ದೂರ ನಡೆದರೂ ಮಂಡಿಗೆ ಗೊತ್ತೇ ಆಗಲ್ಲ. ಇಂಜಿನಿಯರುಗಳು ಲೆವೆಲ್ ಹಿಡಿದು ಮಾಡಿಕೊಟ್ಟ ವಾಕಿಂಗ್ ಟ್ರ್ಯಾಕ್ ಅಂದುಕೊಳ್ಳಿ.

ನಡೆಯುವಾಗ ಮಗನಿಗೆ ಎರಡೂ ಕಡೆ ನೋಡೋಕೆ ಹೇಳಿ. ನಾಲೆಯ ಮೇಲ್ಭಾಗದಲ್ಲಿ ರಾಗಿ, ಹುರುಳಿ, ಖಾಲಿ ಬಿದ್ದ ಹೊಲ. ಕೆಳಭಾಗದಲ್ಲಿ ಭತ್ತ, ಕಬ್ಬು, ತೆಂಗು. ನಡುವೆ ಇರೋದು ಬರೀ ನಾಲೆಯ ಅಗಲ. ನೀರು ಮೇಲಕ್ಕೆ ಹತ್ತಲ್ಲ ಅಷ್ಟೇ ಕಾರಣ. ನಮ್ಮ ಕಡೆ ಒಂದೇ ಊರಲ್ಲಿ ಒಬ್ಬನಿಗೆ ಎರಡು ಕೊಯ್ಲು ಬರೋದು, ಇನ್ನೊಬ್ಬ ಮಳೆಗೆ ಕಾಯೋದು ಇದರಿಂದಲೇ.

ಯಾವ ನಾಲೆ ಅಂತೀರಾ? ವಿ.ಸಿ. ನಾಲೆ, ಅಂದರೆ ಮೊದಲು ಇರ್ವಿನ್ ನಾಲೆ ಅಂತಿದ್ದ ವಿಶ್ವೇಶ್ವರಯ್ಯ ನಾಲೆ, ದೊಡ್ಡದು. ನೋಡೋಕೆ ಚೆಂದ, ಆದರೆ ಮಗು ಕರೆದುಕೊಂಡು ನಡೆಯೋಕೆ ನಾನು ಹೇಳಲ್ಲ. ಆಳ ಇದೆ, ರಭಸ ಇದೆ. ಸಿಮೆಂಟ್ ಲೈನಿಂಗ್ ಮಾಡಿರೋ ಕಡೆ ಬದಿ ನುಣ್ಣಗಿರುತ್ತದೆ, ಪಾಚಿ ಬೇರೆ, ಜಾರಿದರೆ ಹಿಡಿಯೋಕೆ ಒಂದು ಬೇರೂ ಸಿಗಲ್ಲ. ಈಜು ಬರೋರೇ ಹೋಗಿದ್ದಾರೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತಿದ್ದು ಎಲ್ಲರಿಗೂ ನೆನಪಿದೆ ಅಲ್ವಾ? ತಡೆಗೋಡೆ ಇಲ್ಲದ ಏರಿ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂದರೆ ನೀವು ಸರಿಯಬೇಕಾದ್ದು ನೀರಿನ ಕಡೆಗೇ.

ಹಳೇ ನಾಲೆಗಳು ವಾಸಿ. ಎಡದಂಡೆಯಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ನಾವು ಸಿಡಿಎಸ್ ಅಂತೀವಿ. ಬಲದಂಡೆಯಲ್ಲಿ ಮೈಸೂರು ಕಡೆಗೆ ವಿರಿಜಾ ನಾಲೆ. ಕೆಆರ್‌ಎಸ್ ಕಟ್ಟೋಕೆ ಎಷ್ಟೋ ಕಾಲ ಮುಂಚೆ ಹೊಳೆಗೆ ಒಡ್ಡು ಹಾಕಿ ತಿರುಗಿಸಿದ ನೀರು ಇದು. ಅಗಲ ಕಮ್ಮಿ, ಓಟ ನಿಧಾನ, ಅಲ್ಲಲ್ಲಿ ಮರದ ನೆರಳು. ಬೆಳಿಗ್ಗೆ ಹೊತ್ತು ಬಟ್ಟೆ ಒಗೆಯೋರು, ದನ ತೊಳೆಯೋರು ಇರುತ್ತಾರೆ, ಒಂಟಿ ಅನ್ನಿಸಲ್ಲ. ಶ್ರೀರಂಗಪಟ್ಟಣದ ಹತ್ತಿರ ಬಂಗಾರದೊಡ್ಡಿ ನಾಲೆ ಅಂತ ಇದೆ, ಕಂಠೀರವ ನರಸರಾಜ ಒಡೆಯರ ಕಾಲದ್ದು. ಅದು ಹೊಳೆಯನ್ನೇ ಮೇಲಿಂದ ದಾಟಿ ದ್ವೀಪಕ್ಕೆ ಹೋಗುತ್ತದೆ! ಕೆಳಗೆ ಕಾವೇರಿ, ಮೇಲೆ ತೊಟ್ಟಿಯಲ್ಲಿ ಕಾವೇರಿ. ಗಂಜಾಂ ಗುರು ಇದನ್ನು ಹೇಗೆ ಮರೆತರೋ.

ಈಗ ನಮ್ಮ ಕಡೆಯ ಮಾತು. ಏರಿ ಮೇಲೆ ಎಷ್ಟು ಬೇಕಾದರೂ ನಡೀರಿ, ಯಾರೂ ಏನೂ ಅನ್ನಲ್ಲ. ಗದ್ದೆ ಬದು ಮೇಲೆ ಹೋಗೋ ಮುಂಚೆ ಮಾತ್ರ ಒಂದು ಮಾತು ಕೇಳಿ. ನಾಟಿ ಟೈಮಲ್ಲಿ ಹಳೇ ಬದುವನ್ನು ಕೆತ್ತಿ, ಏಡಿ ಬಿಲ ಮುಚ್ಚಿ, ಹೊಸ ಕೆಸರು ಮೆತ್ತಿರುತ್ತೇವೆ. ನೋಡೋಕೆ ಮೇಲೆ ಒಣಗಿದ ಹಾಗೇ ಇರುತ್ತದೆ. ಶೂ ಹಾಕಿಕೊಂಡು ನಾಲ್ಕು ಜನ ಸಾಲಾಗಿ ನಡೆದರೆ ಅಂಚು ಕುಸಿದು ಮೇಲಿನ ಗದ್ದೆ ನೀರು ರಾತ್ರಿಯೆಲ್ಲ ಕೆಳಗಿನ ಗದ್ದೆಗೆ ಹೋಗುತ್ತದೆ. ಗೊಬ್ಬರ ಹಾಕಿದ ಮಾರನೇ ದಿನ ಹೀಗಾದರೆ ಎಷ್ಟು ಉರಿಯುತ್ತದೆ ಹೇಳಿ. ಡ್ರೋನ್ ಹಾರಿಸೋಕೆ ಬರೋ ಬೆಂಗಳೂರಿನ ಹುಡುಗರಿಗೆ ಇದು ಗೊತ್ತೇ ಇಲ್ಲ.

ದಾರಿಯಲ್ಲಿ ಹೊಗೆ ಕಂಡರೆ ಆಲೆಮನೆ, ಖಂಡಿತ ಹೋಗಿ. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬಂದು ಕುದಿಯುತ್ತಾ ಇರುತ್ತದೆ, ಒಬ್ಬ ಉದ್ದ ಹಿಡಿಯ ಜರಡಿಯಲ್ಲಿ ಮಡ್ಡಿ ತೆಗೀತಾ ಇರುತ್ತಾನೆ, ಇನ್ನೊಬ್ಬ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಾ ಇರುತ್ತಾನೆ. ಪಾಕ ಬಂತಾ ಅಂತ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಕೇಳಿದರೆ ಮಗನ ಕೈಗೆ ಬಿಸಿ ಬೆಲ್ಲ ಕೊಡದೆ ಕಳಿಸಲ್ಲ. ಕೊಪ್ಪರಿಗೆ ಹತ್ತಿರ ಮಾತ್ರ ಬಿಡಬೇಡಿ.

ಕುಕ್ಕರಹಳ್ಳಿ ವಾಕರ್:

ಅಬ್ಬಾ, ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್ ಎಲ್ಲರಿಗೂ. ನಾಲೆ ನೀರು ಹೊಳೆ ದಾಟೋದನ್ನು ಅಪ್ಪನಿಗೆ ಓದಿ ಹೇಳಿದೆ, ಈ ಭಾನುವಾರವೇ ಹೋಗೋಣ ಅಂತ ಕೂತಿದ್ದಾರೆ.

ಎರಡು ಡೌಟು. ಒಂದು, ಕಬ್ಬಿನ ಗದ್ದೆ ಅಂದರೆ ಚಿರತೆ ಅಂತ ದಿನಾ ಪೇಪರಲ್ಲಿ ಬರುತ್ತದಲ್ಲ, ಏನು ಮಾಡೋದು? ಇನ್ನೊಂದು, ನಮ್ಮತ್ತೆಗೆ ಹಕ್ಕಿ ಅಂದರೆ ಪ್ರಾಣ. ರಂಗನತಿಟ್ಟು ಬಿಟ್ಟು ನಡೆಯುತ್ತಾ ಹಕ್ಕಿ ನೋಡೋ ಜಾಗ ಇದೆಯಾ?

ದುರ್ಬೀನು:

ಚಿರತೆ ವಿಷಯ ನಿಜ, ತಮಾಷೆ ಅಲ್ಲ. ಮೈಸೂರು, ಮಂಡ್ಯ ಎರಡೂ ಕಡೆ ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತವೆ. ತಿ. ನರಸೀಪುರ ತಾಲೂಕಿನಲ್ಲಿ ಜನರನ್ನೂ ಕೊಂದಿವೆ. ಅದಕ್ಕೆ ಹೆದರಿ ಮನೆಯಲ್ಲಿ ಕೂರಬೇಕಿಲ್ಲ, ಕತ್ತಲಲ್ಲಿ ಹೋಗಬೇಡಿ ಅಷ್ಟೇ. ಬಿಸಿಲು ನೆಲಕ್ಕೆ ಬಿದ್ದ ಮೇಲೆ ಹೊರಡಿ, ಸಂಜೆ ನಡಿಗೆ ಬಿಟ್ಟುಬಿಡಿ, ಮಗು ಗುಂಪಿನ ಮಧ್ಯೆ ಇರಲಿ. ಎತ್ತರದ ಕಬ್ಬು ಎರಡೂ ಕಡೆ ಒತ್ತಿಕೊಂಡಿರೋ ಓಣಿಗಿಂತ ಗದ್ದೆ ಬಯಲಿನ ದಾರಿ ಆರಿಸಿಕೊಳ್ಳಿ. ನಿಜ ಹೇಳಬೇಕು ಅಂದರೆ ಚಿರತೆಗಿಂತ ನನಗೆ ಭಯ ಕೊಳಕುಮಂಡಲದ್ದು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಓಡಿ ಹೋಗಲ್ಲ ಅದು, ಬಿದ್ದಲ್ಲೇ ಬಿದ್ದಿರುತ್ತದೆ. ಕಣಕಾಲು ಮುಚ್ಚೋ ಶೂ ಹಾಕಿ, ಹುಲ್ಲಿನ ಮೇಲೆ ನೋಡದೆ ಕಾಲಿಡಬೇಡಿ.

ರಂಗನತಿಟ್ಟು ಬೋಟಿಂಗ್‌ಗೆ, ನಡಿಗೆಗೆ ಅಲ್ಲ. ಪಕ್ಷಿತಜ್ಞ ಸಲೀಂ ಅಲಿ ಹೇಳಿ 1940ರಲ್ಲಿ ಪಕ್ಷಿಧಾಮ ಆಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿತು, ಕರ್ನಾಟಕದಲ್ಲಿ ಅದೇ ಮೊದಲು. ಅತ್ತೆಯವರನ್ನು ಒಮ್ಮೆ ಕರೆದುಕೊಂಡು ಹೋಗಿ, ಆದರೆ ಒಳಗೆ ನಡೆಯೋ ದಾರಿ ಚಿಕ್ಕದು. ಬಂಡೆ ಮೇಲೆ ಬಾಯಿ ತೆರೆದು ಮಲಗಿರೋ ಮೊಸಳೆಗಳನ್ನು ಅಲ್ಲಿ ನೋಡಿದರೆ, ಹೊಳೆಗೆ ಇಳಿಯಬೇಡ ಅಂತ ಮಗನಿಗೆ ಬೇರೆ ಹೇಳೋದೇ ಬೇಕಾಗಲ್ಲ. ಅವು ಪಕ್ಷಿಧಾಮದ ಗೇಟ್ ಒಳಗೇ ಇರುತ್ತವೆ ಅಂದುಕೊಳ್ಳಬೇಡಿ.

ನಡೆದು ನೋಡೋಕೆ ನಂಜನಗೂಡು ತಾಲೂಕಿನ ಹದಿನಾರು ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿದ ಹಕ್ಕಿ ಇಲ್ಲಿ ಸಿಕ್ಕಿದೆ ಅಂದರೆ ಲೆಕ್ಕ ಹಾಕಿ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೆರೆ, ದುರ್ಬೀನಿಲ್ಲದೆಯೂ ಗೊತ್ತಾಗುತ್ತದೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದರೆ ಗದ್ದೆಗೆ ಮೇಯೋಕೆ ಹೋಗುತ್ತವೆ. ಏರಿ ಮೇಲೆ ಮೆಲ್ಲಗೆ ನಡೀರಿ, ಹತ್ತಿರದ ಫೋಟೋ ಬೇಕು ಅಂತ ನೀರಿನ ಅಂಚಿಗೆ ಇಳಿದರೆ ಇಡೀ ಹಿಂಡು ಎದ್ದುಬಿಡುತ್ತದೆ. ಅಷ್ಟು ದೂರದಿಂದ ಬಂದಿವೆ, ಮಲಗಲಿ ಬಿಡಿ.

ಕೊಕ್ಕರೆ ಬೆಳ್ಳೂರು ಇನ್ನೊಂದು. ಮದ್ದೂರು ತಾಲೂಕು, ನೀವು ಹೇಳಿದ ಒಂದು ಗಂಟೆಗಿಂತ ಜಾಸ್ತಿ ಆಗುತ್ತದೆ. ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಬೇಕು. ಅಲ್ಲಿ ಪಕ್ಷಿಧಾಮ ಅಂತ ಬೇಲಿ ಇಲ್ಲ. ಊರೊಳಗಿನ ಹುಣಸೆ ಮರದ ಮೇಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಕೆಳಗೆ ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ, ಮೇಲೆ ಮರಿಗಳು ಕೊಕ್ಕು ಬಡಿಯುತ್ತಾ ಗಲಾಟೆ. ಊರ ಬೀದಿಯಲ್ಲಿ ಸುಮ್ನೆ ಸುತ್ತೋದೇ ನಡಿಗೆ. ಟೋಪಿ ಮರೀಬೇಡಿ, ಬಿಸಿಲಿಗೆ ಮಾತ್ರ ಅಲ್ಲ 😀 ಜನವರಿಯಿಂದ ಏಪ್ರಿಲ್ ಒಳಗೆ ಹೋದರೆ ಮರಿಗಳಿರುತ್ತವೆ.

ಮರಳು ಮೆಟ್ಟಿದವ:

ತಲಕಾಡು ಯಾರೂ ಹೇಳಲಿಲ್ಲ! ಸಮತಟ್ಟು ಅಂದರೆ ಸಮತಟ್ಟು, ಆದರೆ ಮರಳು. ಪಾತಾಳೇಶ್ವರ, ಮರಳೇಶ್ವರ ಅಂತ ಗುಡಿಯಿಂದ ಗುಡಿಗೆ ಮರಗಳ ನಡುವೆ ನಡೆದು, ಹಾಗೇ ಹೊಳೆ ದಂಡೆಗೆ ಹೋಗಬಹುದು. ಆದರೆ ಅಕ್ಕ, ಮರಳಲ್ಲಿ ಒಂದು ಕಿಲೋಮೀಟರ್ ಅಂದರೆ ರೋಡಲ್ಲಿ ಎರಡರ ಲೆಕ್ಕ. ಕಾಲು ಹೂತುಕೊಳ್ಳುತ್ತದೆ, ಮಂಡಿಗೆ ಮೆಟ್ಟಿಲಿಗಿಂತ ಅದೇ ಕಷ್ಟ ಆಗಬಹುದು. ಗುಡಿಗಳೂ ಮರಳು ತೆಗೆದ ಗುಂಡಿಯಲ್ಲಿವೆ, ದರ್ಶನಕ್ಕೆ ಇಳಿಯಲೇಬೇಕು. ಹತ್ತೂವರೆ ಮೇಲೆ ಮರಳು ಕಾದರೆ ಚಪ್ಪಲಿ ಬಿಟ್ಟವರು ಕುಣಿಯುತ್ತಾರೆ. ಹೊಳೆ ನೋಡೋಕೆ ಆಳ ಇಲ್ಲದ ಹಾಗಿರುತ್ತದೆ, ಮರಳಿನ ತಳದಲ್ಲಿ ಗುಂಡಿಗಳಿವೆ, ಪ್ರತಿ ವರ್ಷ ಯಾರಾದರೂ ಮುಳುಗಿದ ಸುದ್ದಿ ಬರುತ್ತದೆ. ಬಲಮುರಿ, ಎಡಮುರಿ, ಮುತ್ತತ್ತಿ ಎಲ್ಲಾ ಕಡೆ ಇದೇ ಕಥೆ.

ಅಪ್ಪನಿಗೆ ತಿ. ನರಸೀಪುರವೇ ಸರಿ. ಕಾವೇರಿ, ಕಪಿಲಾ ಸೇರೋ ಜಾಗ. ಗುಂಜಾ ನರಸಿಂಹಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸಿ, ದಂಡೆ ಮೇಲೆ ಸಾವಕಾಶವಾಗಿ ಓಡಾಡಿ. ಉದ್ದದ ನಡಿಗೆ ಅಲ್ಲ, ಆದರೆ ಕೂರೋಕೆ ಕಟ್ಟೆ ಇದೆ, ಟೀ ಸಿಗುತ್ತದೆ, ತೆಪ್ಪದವರು ಇರುತ್ತಾರೆ.

ಕುಕ್ಕರಹಳ್ಳಿ ವಾಕರ್:

ಸರಿ, ಹಾಗಾದರೆ ಮೊದಲು ಶ್ರೀರಂಗಪಟ್ಟಣ, ಚಳಿಗಾಲದಲ್ಲಿ ಹದಿನಾರು. ತಲಕಾಡಿಗೆ ಅಪ್ಪನನ್ನು ಬಿಟ್ಟು ನಾವು ಹೋಗುತ್ತೇವೆ. ನಾಲೆ ಪಕ್ಕದೂರು ಅಣ್ಣ, ಕೊನೆಯದಾಗಿ ಒಂದು: ಸಿಡಿಎಸ್ ನಾಲೆಗೆ ಯಾವ ತಿಂಗಳು ಬಂದರೆ ನೀರೂ ಇರುತ್ತದೆ, ಕೆಸರೂ ಇರಲ್ಲ?

ನಾಲೆ ಪಕ್ಕದೂರು:

ನವೆಂಬರ್, ಡಿಸೆಂಬರ್ ಬನ್ನಿ. ಜುಲೈ, ಆಗಸ್ಟ್‌ನಲ್ಲಿ ನೀರು ಬಿಟ್ಟಾಗ ನಾಟಿ ಗಡಿಬಿಡಿ, ಏರಿಯೆಲ್ಲ ಟ್ರ್ಯಾಕ್ಟರ್ ಚಕ್ರದ ಗುಂಡಿ. ನವೆಂಬರ್ ಹೊತ್ತಿಗೆ ಮಳೆ ಕಮ್ಮಿಯಾಗಿ ಮಣ್ಣು ಗಟ್ಟಿಯಾಗಿರುತ್ತದೆ, ಭತ್ತ ಹಣ್ಣಾಗುತ್ತಾ ಬಂದಿರುತ್ತದೆ, ಆಲೆಮನೆಗಳೂ ಉರಿಯುತ್ತಿರುತ್ತವೆ. ಬೇಸಿಗೆ ಬೆಳೆಗೆ ಕಟ್ಟು ಪದ್ಧತಿ, ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನಿಲ್ಲಿಸಿದ ದಿನ ಬಂದರೆ ನಾಲೆಯಲ್ಲಿ ಪ್ಲಾಸ್ಟಿಕ್ ಕವರು ಬಿಟ್ಟು ಏನೂ ಕಾಣಲ್ಲ. ಅಣೆಕಟ್ಟು ತುಂಬದ ವರ್ಷ ಆಯಿತೋ, ಬೇಸಿಗೆ ಬೆಳೆಗೆ ನೀರೇ ಅನುಮಾನ. ಹೊರಡೋ ಹಿಂದಿನ ದಿನ ಇಲ್ಲೇ ಒಂದು ಮಾತು ಕೇಳಿ, ನೀರಿದೆಯಾ ಅಂತ ನೋಡಿ ಹೇಳುತ್ತೇನೆ.